ಓದಲು ಬಾರದ ಅಕ್ಷರಕ್ಕೆ ಯಾವ ನಿಘಂಟು?

ಜಪಾನಿ ಶಬ್ದಕೋಶವನ್ನು ಮೊದಲ ಸಲ ತೆರೆದ ಕನ್ನಡಿಗರಿಗೆ ಅದರ ಪದಗಳ ಸಾಲು ಅಪರಿಚಿತ ಅನ್ನಿಸುವುದಿಲ್ಲ. ಅ, ಇ, ಉ, ಎ, ಒ ಎಂದು ಶುರುವಾಗುತ್ತದೆ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಒಂದೆರಡು ಕಡೆ ಎಡವಿದಂತೆ ಕಂಡರೂ ಇದು ನಮ್ಮ ವರ್ಣಮಾಲೆಯ ನಡಿಗೆಯೇ. ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿಯುತ್ತಿದ್ದ ಜಪಾನಿನ ಬೌದ್ಧ ಭಿಕ್ಷುಗಳು ತಮ್ಮ ನುಡಿಯ ಉಲಿಗಳನ್ನೂ ಅದೇ ಕ್ರಮಕ್ಕೆ ತಂದುಕೊಂಡರು. ‘ಚ’ ಇರಬೇಕಾದಲ್ಲಿ ‘ಸ’ ಕೂತಿದೆ, ‘ಪ’ ಇರಬೇಕಾದಲ್ಲಿ ‘ಹ’. ಹಳೆಯ ಜಪಾನಿಯಲ್ಲಿ ಆ ಸಾಲುಗಳ ಉಚ್ಚಾರ ಬೇರೆಯಿದ್ದುದರ ಕುರುಹು ಅದು. ಹಳಗನ್ನಡದ ಪಾಲು ಹಾಲಾದದ್ದನ್ನು, ಪೂವು ಹೂವಾದದ್ದನ್ನು ಬಲ್ಲ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಓತ್ಸುಕಿ ಫುಮಿಹಿಕೊ 1889–91ರಲ್ಲಿ ಹೊರತಂದ ‘ಗೆಂಕಾಯ್’ ಈ ಕ್ರಮವನ್ನು ಹಿಡಿಯಿತು. ಇಂದಿನ ಜಪಾನಿ ಶಬ್ದಕೋಶಗಳೆಲ್ಲ ಅದೇ ಜಾಡಿನಲ್ಲಿವೆ.

ತೊಡಕೆಂದರೆ, ಈ ಕ್ರಮದಿಂದ ಉಪಯೋಗ ಪದದ ಉಚ್ಚಾರ ಗೊತ್ತಿದ್ದವರಿಗೆ ಮಾತ್ರ. ಕನ್ನಡದಲ್ಲಿ ಅರ್ಥವಾಗದ ಪದ ಎದುರಾದರೂ ಅದನ್ನು ಓದಲಂತೂ ಬರುತ್ತದೆ. ಕಿಟೆಲರ ನಿಘಂಟಿನಲ್ಲೋ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಲ್ಲೋ ಎಲ್ಲಿ ಕೈ ಹಾಕಬೇಕೆಂಬ ಅನುಮಾನ ಹುಟ್ಟುವುದಿಲ್ಲ. ಔಷಧದ ಡಬ್ಬಿಯ ಮೇಲೋ, ಟೋಕಿಯೋ ಕಚೇರಿಯಿಂದ ಬಂದ ಪತ್ರದಲ್ಲೋ ಕಂಡ ಕಾಂಜಿಯ, ಅಂದರೆ ಚೀನಾದಿಂದ ಬಂದ ಅಕ್ಷರದ, ವಿಷಯ ಹಾಗಲ್ಲ. ಅರ್ಥ, ಉಚ್ಚಾರ ಎರಡೂ ಒಟ್ಟಿಗೇ ಕೈಕೊಡುತ್ತವೆ. ಅಕ್ಷರದ ಆಕಾರವೊಂದನ್ನೇ ಹಿಡಿದು ಪುಟ ಹುಡುಕಬೇಕು. ಕಾಂಜಿ ನಿಘಂಟುಗಳನ್ನು ಮಾಡಿದವರ ಬುದ್ಧಿಯೆಲ್ಲ ಸುಮಾರು ಎರಡು ಸಾವಿರ ವರ್ಷ ಈ ಹುಡುಕಾಟದ ದಾರಿ ತೋರುವುದರಲ್ಲೇ ಖರ್ಚಾಯಿತು. ಈಚೆಗೆ ಫೋನು ಆ ಕೆಲಸವನ್ನು ಹೆಚ್ಚುಕಡಿಮೆ ಮುಗಿಸಿಕೊಟ್ಟಿದೆ. ಹಾಗಾಗಿ ನಿಘಂಟು ಆರಿಸುವವರು ಈಗ ಕೇಳಬೇಕಾದ ಪ್ರಶ್ನೆ ಬೇರೆ: ಅಕ್ಷರ ಸಿಕ್ಕಿತು, ಅದರ ಮುಂದೆ ಬರೆದಿರುವ ಅರ್ಥ ಯಾರಿಗಾಗಿ ಬರೆದದ್ದು?

ಕಿವಿಯ ಕೆಳಗೋ, ಬಾಗಿಲ ಕೆಳಗೋ

ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿ, ಅಂದರೆ ಜೋಯೋ ಕಾಂಜಿಯಲ್ಲಿ, ಈಗ 2,136 ಅಕ್ಷರಗಳಿವೆ. ಅವುಗಳಲ್ಲಿ 1,026ನ್ನು ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯುತ್ತಾರೆ. ಬಹಳಷ್ಟಕ್ಕೆ ಚೀನಾದಿಂದ ಬಂದ ಉಚ್ಚಾರ ಬೇರೆ, ಅಚ್ಚ ಜಪಾನಿ ಉಚ್ಚಾರ ಬೇರೆ. ಮೊದಲಿನದಕ್ಕೆ ಓನ್ ಎನ್ನುತ್ತಾರೆ, ಎರಡನೆಯದಕ್ಕೆ ಕುನ್. ಚೀನಾದಿಂದ ಬಂದದ್ದೂ ಒಂದೇ ಕಂತಿನಲ್ಲಿ ಬಂದದ್ದಲ್ಲ. ‘ಹೋಗು’ ಎಂಬ ಅಕ್ಷರ ಮೆರವಣಿಗೆ ಎಂಬ ಪದದಲ್ಲಿ ‘ಗ್ಯೋ’, ಬ್ಯಾಂಕ್ ಎಂಬ ಪದದಲ್ಲಿ ‘ಕೋ’, ಹಳೆಯ ಕಾಗದದ ದೀಪದ ಹೆಸರಿನಲ್ಲಿ ‘ಆನ್’. ಮೂರೂ ಓನ್ ಉಚ್ಚಾರಗಳೇ, ಬೇರೆ ಬೇರೆ ಕಾಲದಲ್ಲಿ ಸಮುದ್ರ ದಾಟಿ ಬಂದವು.

ಇಂಥ ಅಕ್ಷರಗಳನ್ನು ಸಾಲಾಗಿ ನಿಲ್ಲಿಸುವ ಉಪಾಯವನ್ನು ಕ್ರಿ.ಶ. 100ರ ಸುಮಾರಿಗೆ ಹಾನ್ ಕಾಲದ ಪಂಡಿತ ಶು ಶೆನ್ ಕಂಡುಹಿಡಿದ. ಅವನ ‘ಶುವೊವೆನ್ ಜಿಯೆಜಿ’ 9,353 ಅಕ್ಷರಗಳನ್ನು 540 ಗುಂಪು ಮಾಡಿತು. ನೀರಿಗೆ ಸಂಬಂಧಿಸಿದವು ಒಂದು ಕಡೆ, ಮರದವು ಇನ್ನೊಂದು ಕಡೆ, ನೂಲಿನವು ಮತ್ತೊಂದು ಕಡೆ. ಗುಂಪಿನ ತಲೆಯಲ್ಲಿ ನಿಲ್ಲುವ ಅಂಗಕ್ಕೆ ಜಪಾನಿಯಲ್ಲಿ ಬುಶು ಎನ್ನುತ್ತಾರೆ. 1615ರ ‘ಜಿಹುಯಿ’ ಎಂಬ ನಿಘಂಟು ಬುಶುಗಳನ್ನು 214ಕ್ಕೆ ಇಳಿಸಿತು. 1716ರಲ್ಲಿ ಚೀನಾದ ಚಕ್ರವರ್ತಿ ಕಾಂಗ್‌ಶಿಯ ಹೆಸರಿನಲ್ಲಿ ಹೊರಬಂದ 47,000ಕ್ಕೂ ಹೆಚ್ಚು ಅಕ್ಷರಗಳ ಮಹಾನಿಘಂಟು ಆ 214ನ್ನೇ ಗಟ್ಟಿ ಮಾಡಿತು. ಜಪಾನಿನ ನಿಘಂಟುಗಳು ಇಂದಿಗೂ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿವೆ.

ಕಲಿಯುವವರನ್ನು ಕಾಡುವುದೂ ಇದೇ. ಬಾಗಿಲಿನ ಚೌಕಟ್ಟಿನೊಳಗೆ ಕಿವಿ ಬರೆದರೆ ‘ಕೇಳು’, ಬಾಯಿ ಬರೆದರೆ ‘ಪ್ರಶ್ನಿಸು’. ನೋಡಿದವರು ಎರಡನ್ನೂ ಬಾಗಿಲ ಗುಂಪಿನಲ್ಲಿ ಹುಡುಕುತ್ತಾರೆ. ಇರುವುದು ಮಾತ್ರ ಒಂದು ಕಿವಿಯ ಗುಂಪಿನಲ್ಲಿ, ಇನ್ನೊಂದು ಬಾಯಿಯ ಗುಂಪಿನಲ್ಲಿ. ಅಲ್ಲಿ ಬಾಗಿಲು ಉಚ್ಚಾರ ಸೂಚಿಸಲು ನಿಂತಿದೆ, ಅರ್ಥದ ಭಾರ ಹೊತ್ತದ್ದು ಒಳಗಿನ ಅಂಗ. ‘ತೆರೆ’ ಎಂಬ ಅಕ್ಷರಕ್ಕೂ ಅದೇ ಚೌಕಟ್ಟು, ಅದು ಮಾತ್ರ ನೆಟ್ಟಗೆ ಬಾಗಿಲ ಗುಂಪಿನಲ್ಲೇ ಇದೆ. ‘ಸಾಕೇ’ ಎಂಬ ಮದ್ಯದ ಅಕ್ಷರದ ಎಡಕ್ಕೆ ನೀರಿನ ಮೂರು ಹನಿಗಳಿವೆ. ಅದನ್ನು ಇಟ್ಟಿರುವುದು ಬಲಗಡೆಯ ಹೂಜಿಯ ಗುಂಪಿನಲ್ಲಿ. ಅಂದರೆ ಅಕ್ಷರವನ್ನು ಹುಡುಕಬೇಕಾದರೆ ಅದರ ಅರ್ಥ ಮೊದಲೇ ಗೊತ್ತಿರಬೇಕು. ಗೊತ್ತಿದ್ದರೆ ನಿಘಂಟು ಯಾಕೆ ತೆಗೆಯುತ್ತಿದ್ದರು?

ಗೀಟುಗಳ ಎಣಿಕೆಯೂ ನಂಬಿದಷ್ಟು ಸುಲಭವಲ್ಲ. ಬಾಯಿಯ ಅಕ್ಷರ ಒಂದು ಚೌಕ. ಬದಿ ನಾಲ್ಕು, ಗೀಟು ಮೂರೇ. ಮೇಲಿನ ಅಡ್ಡಗೆರೆ ಮತ್ತು ಬಲಗಡೆಯ ಉದ್ದಗೆರೆಯನ್ನು ಲೇಖನಿ ಎತ್ತದೆ ಎಳೆಯುತ್ತಾರೆ. ಬರೆಯಲು ಕಲಿಯದೆ ಬರೀ ಓದಲು ಕಲಿಯುತ್ತೇನೆಂದು ಹೊರಟವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ಹೊರಗಿನವರು ಕಂಡ ದಾರಿಗಳು

ಈ ಗೋಜಲಿನಿಂದ ಪಾರಾಗಲು ಹೆಚ್ಚು ತಲೆ ಕೆಡಿಸಿಕೊಂಡವರು ವಿದೇಶಿಯರು. ಆಂಡ್ರ್ಯೂ ನೆಲ್ಸನ್ ಜಪಾನಿನಲ್ಲಿ ಬಹುಕಾಲ ಇದ್ದ ಅಮೆರಿಕನ್ ಮಿಷನರಿ. ಅವರು 1962ರಲ್ಲಿ ಸುಮಾರು 5,000 ಅಕ್ಷರಗಳ ಜಪಾನಿ–ಇಂಗ್ಲಿಷ್ ನಿಘಂಟು ತಂದರು. (1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ಕೋಶದ ನೆರಳಲ್ಲಿ ಬೆಳೆದ ನಮಗೆ ಮಿಷನರಿಯೊಬ್ಬರು ನಿಘಂಟಿಗೆ ಕೈ ಹಾಕಿದ್ದು ಹೊಸದೇನಲ್ಲ.) ಅರ್ಥ ತಿಳಿಯದವರಿಗೂ ಬುಶು ಕಾಣಬೇಕು ಎಂಬುದು ಅವರ ಹಟ. ಸುತ್ತುವರಿದ ಚೌಕಟ್ಟು ಇದ್ದರೆ ಅದು ಮೊದಲು, ಇಲ್ಲದಿದ್ದರೆ ಎಡಗಡೆಯದು, ಅದೂ ಅಲ್ಲದಿದ್ದರೆ ಬಲಗಡೆಯದು ಎಂದು ಆಕಾರದ ಮೇಲೆಯೇ ನಿಯಮ ಕಟ್ಟಿ, ಹಳೆಯ ಗುಂಪುಗಳಿಂದ ಅಕ್ಷರಗಳನ್ನು ಕಿತ್ತು ಬೇರೆಡೆ ಕೂರಿಸಿದರು. ‘ಕೇಳು’ ಬಾಗಿಲಿಗೆ ಬಂತು. ಎಡಕ್ಕೆ ಮರ, ಬಲಕ್ಕೆ ಕಣ್ಣು ಇರುವ ‘ಪರಸ್ಪರ’ ಎಂಬ ಅಕ್ಷರ ಕಣ್ಣಿನ ಗುಂಪಿನಿಂದ ಮರದ ಗುಂಪಿಗೆ ಜಿಗಿಯಿತು. ಪಂಡಿತರಿಗೆ ಇದು ಅಪಚಾರವಾಗಿ ಕಂಡಿರಬಹುದು. ಕಲಿಯುವವರ ಒಂದು ಪೀಳಿಗೆ ಮಾತ್ರ ನೆಲ್ಸನ್ ಹೆಸರಿನ ಮೇಲೆ ಆಣೆ ಹಾಕುತ್ತಿತ್ತು. 1997ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಜಾನ್ ಹೇಗ್ ಅದನ್ನು 7,000ಕ್ಕೂ ಹೆಚ್ಚು ಅಕ್ಷರಗಳಿಗೆ ಬೆಳೆಸಿ, ಮತ್ತೆ ಹಳೆಯ ಬುಶು ಕ್ರಮಕ್ಕೇ ತಿರುಗಿಸಿದರು. ಜೊತೆಗೆ ಅಕ್ಷರದೊಳಗಿನ ಯಾವ ಅಂಗ ಹಿಡಿದರೂ ಸಿಗುವಂಥ ಸೂಚಿ ಕೊಟ್ಟರು. ಹಳೆಯ ನೆಲ್ಸನ್‌ಗೆ ಒಗ್ಗಿದವರು ಹೊಸದನ್ನು ಒಪ್ಪಲಿಲ್ಲ. ನಿಘಂಟಿನ ಅಭ್ಯಾಸ ಬೆರಳಿಗೆ ಹತ್ತಿದ್ದು, ಅದು ಸುಲಭಕ್ಕೆ ಬಿಡುವುದಿಲ್ಲ.

ಮಾರ್ಕ್ ಸ್ಪಾನ್ ಮತ್ತು ವುಲ್ಫ್‌ಗಾಂಗ್ ಹದಮಿಟ್ಸ್ಕಿ ಬುಶುಗಳನ್ನು 79ಕ್ಕೆ ಇಳಿಸಿದರು. ಅವರ ‘ದಿ ಕಾಂಜಿ ಡಿಕ್ಷನರಿ’ಯ (1996) ನಿಜವಾದ ಉಪಕಾರ ಇನ್ನೊಂದು. ಎರಡು ಮೂರು ಅಕ್ಷರಗಳ ಜೋಡುಪದವನ್ನು ಅವರು ಮೊದಲ ಅಕ್ಷರದಡಿ ಮಾತ್ರ ಕೊಡದೆ, ಅದರಲ್ಲಿರುವ ಪ್ರತಿಯೊಂದು ಅಕ್ಷರದಡಿಯೂ ಕೊಟ್ಟರು. ಮೊದಲನೆಯದು ಹೊಳೆಯದಿದ್ದರೆ ಎರಡನೆಯದನ್ನು ಹಿಡಿದು ಒಳಗೆ ಹೋಗಬಹುದು. ಸರಳ ಉಪಾಯ, ಅವರಿಗಿಂತ ಮುಂಚಿನ ನಿಘಂಟುಕಾರರಿಗೆ ಯಾಕೆ ಹೊಳೆಯಲಿಲ್ಲವೋ.

ಜ್ಯಾಕ್ ಹಾಲ್ಪರ್ನ್ ಬುಶುವನ್ನೇ ಬದಿಗೆ ಸರಿಸಿದರು. 1990ರಲ್ಲಿ ಕೆಂಕ್ಯುಶಾ ಪ್ರಕಟಿಸಿದ ಅವರ ನಿಘಂಟಿನಲ್ಲಿ ಪ್ರತಿ ಅಕ್ಷರಕ್ಕೂ ಮೂರು ಅಂಕಿಯ ವಿಳಾಸವಿದೆ, ಪಿನ್ ಕೋಡಿನ ಹಾಗೆ. ಅಕ್ಷರ ಎಡ–ಬಲವಾಗಿ ಸೀಳುತ್ತದೆಯೇ, ಮೇಲೆ–ಕೆಳಗಾಗಿಯೇ, ಚೌಕಟ್ಟಿನೊಳಗೆ ಕೂತಿದೆಯೇ, ಸೀಳದ ಗಟ್ಟಿಯೇ? ಆ ನಾಲ್ಕರಲ್ಲಿ ಒಂದು ಮೊದಲ ಅಂಕಿ. ಉಳಿದೆರಡು ಬಹುಪಾಲು ಆಯಾ ಭಾಗದ ಗೀಟುಗಳ ಎಣಿಕೆ. ಮರ–ಕಣ್ಣಿನ ಅಕ್ಷರ ಎಡ–ಬಲ, ಮರಕ್ಕೆ ನಾಲ್ಕು ಗೀಟು, ಕಣ್ಣಿಗೆ ಐದು: 1-4-5. ಅರ್ಧ ತಾಸಿನಲ್ಲಿ ಕಲಿಯಬಹುದಾದ ವಿದ್ಯೆ. ಆದರೂ ಹಾಲ್ಪರ್ನ್ ನಿಘಂಟು ಇಂದಿಗೂ ಕೊಳ್ಳಲು ಯೋಗ್ಯವಾಗಿರುವುದು ಈ ಅಂಕಿಗಳ ಕಾರಣಕ್ಕಲ್ಲ. ಫೋನಿನ ಪರದೆಯ ಮೇಲೆ ಬೆರಳಿನಿಂದ ಅಕ್ಷರ ಗೀಚಿದರೆ, ಕ್ಯಾಮೆರಾ ಹಿಡಿದರೆ ಅದು ಎದುರಿಗೆ ಬಂದು ನಿಲ್ಲುವಾಗ 1-4-5ರ ಅಗತ್ಯ ಯಾರಿಗೂ ಉಳಿದಿಲ್ಲ. ಅವರು ಅರ್ಥವನ್ನು ಜೋಡಿಸಿದ ರೀತಿ ಮಾತ್ರ ಉಳಿದಿದೆ.

ನೂಲಿನಿಂದ ನರದವರೆಗೆ

ಫೋನಿನಲ್ಲಿ ಕಾಣುವ ಉಚಿತ ಕಾಂಜಿ ನಿಘಂಟುಗಳಲ್ಲಿ ಬಹುಪಾಲು ಒಂದೇ ಬಾವಿಯ ನೀರು. ಮೆಲ್ಬರ್ನ್‌ನ ಮೊನ್ಯಾಶ್ ವಿಶ್ವವಿದ್ಯಾಲಯದ ಜಿಮ್ ಬ್ರೀನ್ 1991ರಲ್ಲಿ ಶುರು ಮಾಡಿದ ಜಪಾನಿ–ಇಂಗ್ಲಿಷ್ ಪದಕೋಶದ ಕಡತ, ಅದರ ಜೊತೆಗಾರನಾದ ‘ಕಾಂಜಿಡಿಕ್’ ಎಂಬ ಅಕ್ಷರಗಳ ಕಡತ: ಇವೆರಡನ್ನು ‘ಜಿಶೋ’ದಿಂದ ಹಿಡಿದು ಲೆಕ್ಕವಿಲ್ಲದಷ್ಟು ಆ್ಯಪ್‌ಗಳು ಒಳಗಿಟ್ಟುಕೊಂಡಿವೆ. ಲೋಕಕ್ಕೆ ಬಿಟ್ಟಿಯಾಗಿ ಕೊಟ್ಟ ಈ ಕೆಲಸದ ಋಣ ದೊಡ್ಡದು. ಪದಗಳ ಕಡತವಂತೂ ಇಂದಿಗೂ ತಿದ್ದುಪಡಿ ಕಾಣುತ್ತ ಬೆಳೆಯುತ್ತಿದೆ. ಅಕ್ಷರಗಳ ಕಡತದಲ್ಲಿ ಅರ್ಥ ಎಂದರೆ ಅಲ್ಪವಿರಾಮ ಹಾಕಿ ಸಾಲಾಗಿ ಕೊಟ್ಟ ನಾಲ್ಕೈದು ಇಂಗ್ಲಿಷ್ ಪದ. ಯಾವುದು ಮೊದಲು ಹುಟ್ಟಿತು, ಯಾವುದು ಯಾವ ಪದದಲ್ಲಿ ಉಸಿರಾಡುತ್ತದೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಒಂದು ಅಕ್ಷರವನ್ನು ಹಿಡಿದು ನೋಡೋಣ. ಎಡಕ್ಕೆ ನೂಲಿನ ಬುಶು, ಒಟ್ಟು ಹನ್ನೊಂದು ಗೀಟು, ಓನ್ ಉಚ್ಚಾರ ‘ಕೇ’. ಉಚಿತ ಕಡತದಲ್ಲಿ ಇದಕ್ಕೆ ಸೂತ್ರ, ರೇಖಾಂಶ, ಹಾದುಹೋಗು, ಹಾಸುನೂಲು ಎಂಬಂಥ ಅರ್ಥಗಳು ಒಂದರ ಪಕ್ಕ ಒಂದು ಕೂತಿವೆ. ಜಪಾನಿ ಕಲಿಯುವವರಲ್ಲಿ ಬಹಳ ಹೆಸರು ಮಾಡಿದ ಜೇಮ್ಸ್ ಹೈಸಿಗ್‌ನ ನೆನಪಿನ ಪುಸ್ತಕ ಇದಕ್ಕೆ ಕೊಡುವ ಒಂದೇ ಗುರುತುಪದ ‘ಸೂತ್ರ’. ಅದು ನಿಘಂಟೆಂದು ಹೇಳಿಕೊಂಡ ಪುಸ್ತಕವಲ್ಲ, ಅಕ್ಷರಕ್ಕೊಂದು ಹೆಸರು ಕಟ್ಟಿ ನೆನಪಿಡಿಸುವುದಷ್ಟೇ ಅದರ ಗುರಿ. ನಿಘಂಟಾಗಿ ಬಳಸಿದರೆ ತಪ್ಪು ಬಳಸಿದವರದು. ಈಗ ಜಪಾನಿ ಪತ್ರಿಕೆ ಬಿಡಿಸಿ. ಈ ಅಕ್ಷರ ಪುಟಪುಟದಲ್ಲೂ ಇದೆ, ‘ಕೇಜಾಯ್’ ಎಂಬ ಪದದಲ್ಲಿ. ಕೇಜಾಯ್ ಎಂದರೆ ಅರ್ಥವ್ಯವಸ್ಥೆ. ‘ಕೇಕೆನ್’ ಎಂದರೆ ಅನುಭವ, ‘ಕೇಯೇ’ ಎಂದರೆ ವ್ಯವಹಾರ ನಡೆಸುವುದು, ‘ಶಿಂಕೇ’ ಎಂದರೆ ನರ, ‘ಗೆಕ್ಕೇ’ ಎಂದರೆ ಮುಟ್ಟು. ಇವುಗಳಲ್ಲಿ ಸೂತ್ರವೆಲ್ಲಿದೆ?

ನೇಯ್ಗೆಯ ಮನೆಯವರಿಗೆ ಇದರ ಕೀಲಿ ಗೊತ್ತು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸುನೂಲು ಈ ಅಕ್ಷರದ ಮೂಲಾರ್ಥ. ಹಾಸು ಅಲುಗಾಡದೆ ನಿಲ್ಲುತ್ತದೆ, ಹೊಕ್ಕು ಅದರ ನಡುವೆ ಓಡಾಡುತ್ತದೆ. ಅಲುಗದ್ದು ಎಂಬ ಭಾವದಿಂದ ಚೀನಾದ ಪುರಾತನ ಪ್ರಮಾಣಗ್ರಂಥಗಳಿಗೆ ಈ ಹೆಸರು ಬಂತು. ಆಮೇಲೆ ಭಾರತದಿಂದ ಬೌದ್ಧ ಗ್ರಂಥಗಳು ಬಂದವು. ಸಂಸ್ಕೃತದ ಸೂತ್ರ ಎಂಬ ಮಾತಿಗೂ ದಾರವೆಂದೇ ಅರ್ಥವಿದ್ದುದರಿಂದ ಅನುವಾದಕರಿಗೆ ಈ ಅಕ್ಷರ ಹೇಳಿ ಮಾಡಿಸಿದಂತೆ ಒದಗಿತು. ಆ ಅರ್ಥದಲ್ಲಿ ಅದರ ಉಚ್ಚಾರ ‘ಕ್ಯೋ’, ಬೌದ್ಧರ ಜೊತೆ ಮೊದಲೇ ಬಂದ ಓದು. ಉಳಿದ ಕಡೆ ಬಹುಮಟ್ಟಿಗೆ ‘ಕೇ’. ಉದ್ದಕ್ಕೆ ಹಾದುಹೋಗುವುದರಿಂದ ಕಾಲ ಸಾಗುವುದು, ಅದರಿಂದ ಅನುಭವ. ಭೂಪಟದ ಉದ್ದಗೆರೆ ರೇಖಾಂಶವಾಯಿತು, ಅಡ್ಡಗೆರೆಗೆ ಹೊಕ್ಕುನೂಲಿನ ಅಕ್ಷರ ಬಿತ್ತು. ಎರಡನ್ನೂ ಕೂಡಿಸಿದರೆ ‘ಕೇಯಿ’: ಒಂದು ಪ್ರಸಂಗದ ಪೂರ್ವಾಪರ, ಅದರ ಹಾಸುಹೊಕ್ಕು. ಚೀನೀ ವೈದ್ಯದಲ್ಲಿ ಮೈಯುದ್ದಕ್ಕೂ ಹರಿಯುವ ನಾಡಿಗಳಿಗೂ ಇದೇ ಅಕ್ಷರ. 1774ರಲ್ಲಿ ಸುಗಿತಾ ಗೆಂಪಾಕು ಮತ್ತು ಗೆಳೆಯರು ಡಚ್ ಅಂಗರಚನೆಯ ಪುಸ್ತಕವನ್ನು ‘ಕೈತಾಯ್ ಶಿನ್ಶೋ’ ಎಂದು ಅನುವಾದಿಸುವಾಗ ನರಕ್ಕೆ ಜಪಾನಿಯಲ್ಲಿ ಪದವಿರಲಿಲ್ಲ. ಆ ನಾಡಿಯ ಅಕ್ಷರವನ್ನೇ ತೆಗೆದುಕೊಂಡು ‘ಶಿಂಕೇ’ ಎಂದು ಟಂಕಿಸಿದರು. ಲೋಕವನ್ನು ಹದವಾಗಿ ನಡೆಸಿ ಜನರನ್ನು ಕಾಯುವುದು ಎಂಬ ನಾಲ್ಕಕ್ಷರದ ಹಳೆಯ ಮಾತು ಮೊಟಕಾಗಿ ಕೇಜಾಯ್ ಆಯಿತು.

ಒಳ್ಳೆಯ ಕಾಂಜಿ ನಿಘಂಟು ಈ ಕೊಂಬೆಗಳನ್ನು ಕೊಂಬೆಗಳಾಗಿಯೇ ತೋರಿಸುತ್ತದೆ. ಹಾಲ್ಪರ್ನ್ ಮಾಡಿದ್ದು ಅದನ್ನು. ಪ್ರತಿ ಅಕ್ಷರಕ್ಕೆ ಇಂದಿನ ಜಪಾನಿಯಲ್ಲಿರುವ ನಡುವಣ ಅರ್ಥವೊಂದನ್ನು ಮೊದಲಿಟ್ಟು, ಅದರಿಂದ ಕವಲೊಡೆದವನ್ನು ಕೆಳಗೆ ಜೋಡಿಸಿ, ಪ್ರತಿ ಕವಲಿನ ಜೊತೆ ಆ ಅರ್ಥವೇ ಇರುವ ಜೋಡುಪದಗಳನ್ನು ಕಟ್ಟಿದರು. ಕೊಡಾನ್ಶಾ ತಂದ ಇದರ ಚಿಕ್ಕ ರೂಪ 1999ರಲ್ಲಿ 2,230 ಅಕ್ಷರಗಳದಿತ್ತು, 2013ರ ಪರಿಷ್ಕರಣೆಯಲ್ಲಿ 3,002ಕ್ಕೆ ಏರಿತು. ಅದೇ ವರ್ಷ 5,458 ಅಕ್ಷರಗಳ ದೊಡ್ಡದೂ ಬಂತು. ಬೆಂಗಳೂರಿನಲ್ಲಿ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಗೆ ಕೂರಲಿರುವವರು ಒಂದೇ ಒಂದು ಕಾಂಜಿ ಪುಸ್ತಕ ಕೊಳ್ಳುವುದಾದರೆ ಆ ಚಿಕ್ಕದನ್ನು ಕೊಳ್ಳಲಿ. ಪುಟ ತಿರುಗಿಸಿ ಹುಡುಕುವುದಕ್ಕಲ್ಲ, ಸಿಕ್ಕಿದ ಮೇಲೆ ಓದುವುದಕ್ಕೆ.

ಕೂಡಿಸಿ ಕಳೆದುಹೋದವು

ಯುದ್ಧದ ನಂತರದ ಸುಧಾರಣೆ ಅರ್ಥಗಳ ವಿಷಯದಲ್ಲಿ ಇನ್ನೊಂದು ಪಜೀತಿ ತಂದಿಟ್ಟಿತು. 1946ರಲ್ಲಿ 1,850 ಅಕ್ಷರಗಳ ಪಟ್ಟಿ ಮಾಡಿ, 1949ರಲ್ಲಿ ಹಲವು ಅಕ್ಷರಗಳ ಆಕಾರ ಸರಳಗೊಳಿಸಿದರು. ಆ ಭರದಲ್ಲಿ ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಅಕ್ಷರಗಳು ಒಂದೇ ಆಕಾರಕ್ಕೆ ಬಂದು ಬಿದ್ದವು. ಐದೇ ಗೀಟಿನ ‘ಬೆನ್’ ಎಂಬ ಅಕ್ಷರ ವಕೀಲ ಎಂಬ ಪದದಲ್ಲಿ ವಾದ, ಎಂಜಿನಿಯರನ ಬಾಯಲ್ಲಿ ವಾಲ್ವ್, ಹೂವಿನ ವಿಷಯದಲ್ಲಿ ದಳ, ಇನ್ನೊಂದೆಡೆ ಬೇರ್ಪಡಿಸಿ ಗುರುತಿಸುವುದು. ಬೆಂತೋ ಎಂಬ ಬುತ್ತಿಯ ಮೊದಲಕ್ಷರವೂ ಇದೇ. ಮೊದಲು ಇವಕ್ಕೆ ಬೇರೆ ಬೇರೆ ತುಂಬು ಅಕ್ಷರಗಳಿದ್ದವು. ಈ ಐದು ಗೀಟಿನದಕ್ಕೋ ತನ್ನದೇ ಆದ ಅರ್ಥವಿತ್ತು: ಒಂದು ಬಗೆಯ ಟೋಪಿ.

‘ಕಲೆ’ ಎಂಬ ಅಕ್ಷರದ ಕತೆ ಇನ್ನೂ ಸೊಗಸಾಗಿದೆ. ಅದರ ನಡುವಿನ ಭಾಗ ಕಿತ್ತುಹಾಕಿದಾಗ ಉಳಿದ ಆಕಾರ ‘ಉನ್’ ಎಂಬ ಬೇರೆಯೇ ಹಳೆಯ ಅಕ್ಷರವಾಗಿತ್ತು. ಪುಸ್ತಕದ ಹುಳು ದೂರವಿಡಲು ಹಾಳೆಗಳ ನಡುವೆ ಇಡುತ್ತಿದ್ದ ಸುಗಂಧದ ಗಿಡ ಅದು. ನಾರಾ ಕಾಲದ ಕೊನೆಗೆ ಇಸೊನೊಕಾಮಿ ನೊ ಯಾಕತ್ಸುಗು ಎಂಬವನು ತೆರೆದ, ಜಪಾನಿನ ಮೊದಲ ಸಾರ್ವಜನಿಕ ಗ್ರಂಥಾಲಯವೆನ್ನುವ ‘ಉಂತೇ’ಯ ಹೆಸರಿನಲ್ಲಿರುವುದು ಈ ಗಿಡ. ಇಂದಿನ ಓದುಗರು ಅದನ್ನು ‘ಕಲಾಮಂದಿರ’ ಎಂದು ಓದಿದರೆ ಅವರ ತಪ್ಪೇನಿಲ್ಲ. ಹಳೆಯ ಆಕಾರವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಎರಡು ಅಕ್ಷರಗಳು ಒಂದಾದ ಜಾಗವನ್ನು ಗುರುತು ಹಾಕಿ ತೋರಿಸುವ ನಿಘಂಟು ಬೇಕಾಗುವುದು ಇಲ್ಲಿ. ಅಂಥವು ಸಿಗುವುದು ಜಪಾನಿಯರು ತಮಗಾಗಿ ಮಾಡಿಕೊಂಡ ‘ಕಾನ್ವಾ ಜಿತೆನ್’ಗಳಲ್ಲಿ.

ಕಾನ್ವಾ ಎಂದರೆ ಚೀನೀ–ಜಪಾನಿ. ಜಪಾನಿನ ಪ್ರೌಢಶಾಲೆಗಳಲ್ಲಿ ಇಂದಿಗೂ ಹಳೆಯ ಚೀನೀ ಗದ್ಯಪದ್ಯ ಕಲಿಸುತ್ತಾರೆ, ಈ ನಿಘಂಟುಗಳ ಒಂದು ಕಣ್ಣು ಅದರ ಮೇಲೆ. ಕಾದೊಕಾವಾದ ‘ಶಿಂಜಿಗೆನ್’ 1968ರಲ್ಲಿ ಬಂದದ್ದು, 2017ರ ಹೊಸ ಆವೃತ್ತಿಯಲ್ಲಿ 13,500 ಅಕ್ಷರಗಳಿವೆ. ಜಪಾನಿನಲ್ಲಷ್ಟೇ ಹುಟ್ಟಿದ ಅರ್ಥಗಳಿಗೆ ಇಂಥ ಪುಸ್ತಕಗಳು ಪ್ರತ್ಯೇಕ ಗುರುತು ಹಾಕುತ್ತವೆ. ‘ಆಯು’ ಎಂಬ ಹೊಳೆಮೀನಿನ ಅಕ್ಷರ ಚೀನಾದಲ್ಲಿ ಬೇರೆ ಮೀನು, ಮೀಸೆಯ ಮೀನು. ಜಪಾನಿನ ‘ಮಗಳು’ ಚೀನಾದಲ್ಲಿ ‘ತಾಯಿ’. ಗುರುತಿಲ್ಲದ ನಿಘಂಟು ನಂಬಿದರೆ ಮನೆಯ ಸಂಬಂಧಗಳೇ ತಲೆಕೆಳಗು. ಆದರೆ ಕಾನ್ವಾ ಜಿತೆನ್‌ನ ವಿವರಣೆಯೆಲ್ಲ ಜಪಾನಿಯಲ್ಲೇ ಇರುತ್ತದೆ, ದಿನಪತ್ರಿಕೆ ತಡವರಿಸಿ ಓದುವ ಹಂತಕ್ಕೂ ಬಾರದವರಿಗೆ ಅದು ಕಪಾಟಿನ ಅಲಂಕಾರ. ಅವರಿಗೂ ಅದಕ್ಕೂ ನಡುವೆ ಯಾರೂ ಹೇಳದ ಒಂದು ಮೆಟ್ಟಿಲಿದೆ: ಜಪಾನಿನ ಪ್ರಾಥಮಿಕ ಶಾಲೆಯ ಮಕ್ಕಳ ಕಾಂಜಿ ನಿಘಂಟು. ಪ್ರತಿ ಅಕ್ಷರದ ಪಕ್ಕ ಸಣ್ಣದಾಗಿ ಓದು ಬರೆದಿರುತ್ತದೆ, ವಾಕ್ಯಗಳು ಚಿಕ್ಕವು, ಗೀಟುಗಳ ಕ್ರಮ ಚಿತ್ರದಲ್ಲಿರುತ್ತದೆ. ದೊಡ್ಡವರಿಗೆ ಅದನ್ನು ಕೊಳ್ಳಲು ನಾಚಿಕೆ, ಅಷ್ಟೇ.

ಉರಿದುಹೋದ ಅಚ್ಚುಮೊಳೆ

ಎಲ್ಲಕ್ಕೂ ಕೊನೆಯ ಮನೆ ಮೊರೊಹಾಶಿ ತೆತ್ಸುಜಿಯವರ ‘ದಾಯ್ ಕಾನ್ವಾ ಜಿತೆನ್’. ನಿಗಾತಾ ಸೀಮೆಯಲ್ಲಿ 1883ರಲ್ಲಿ ಹುಟ್ಟಿದ ಮೊರೊಹಾಶಿ ಚೀನಾದಲ್ಲಿ ಓದುತ್ತಿದ್ದಾಗ ನೆಚ್ಚಬಹುದಾದ ನಿಘಂಟಿಲ್ಲದೆ ಪಟ್ಟ ಪಾಡಿನಿಂದ ಈ ಕೆಲಸ ಹುಟ್ಟಿತು. 1920ರ ದಶಕದಲ್ಲಿ ತೈಶೂಕಾನ್ ಪ್ರಕಾಶನದ ಸುಜುಕಿ ಇಪ್ಪೇ ಬಂದು ಕೇಳಿದಾಗ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಇಬ್ಬರಿಗೂ ಅಂದಾಜಿರಲಿಲ್ಲ. ಮೊದಲ ಸಂಪುಟ ಹೊರಬಂದದ್ದು 1943ರಲ್ಲಿ, ಯುದ್ಧದ ನಡುವೆ. 1945ರ ಫೆಬ್ರುವರಿಯ ಬಾಂಬ್ ದಾಳಿಯಲ್ಲಿ ಜೋಡಿಸಿಟ್ಟಿದ್ದ ಅಚ್ಚುಮೊಳೆಯೆಲ್ಲ ಕರಗಿಹೋಯಿತು. ಬೇರೆಡೆ ಇಟ್ಟಿದ್ದ ಕರಡಚ್ಚಿನ ಪ್ರತಿಗಳು ಉಳಿದದ್ದೇ ಪುಣ್ಯ. ಅಷ್ಟರಲ್ಲಿ ಮೊರೊಹಾಶಿಯವರ ಬಲಗಣ್ಣು ಹೆಚ್ಚುಕಡಿಮೆ ಹೋಗಿತ್ತು, ಎಡಗಣ್ಣೂ ಮಂಜು. ಪ್ರಕಾಶಕರ ಗಂಡುಮಕ್ಕಳು ಓದು ಬಿಟ್ಟು ತಂದೆಯ ಕೆಲಸಕ್ಕೆ ಹೆಗಲು ಕೊಟ್ಟರು.

ಸುಮಾರು 50,000 ಅಕ್ಷರಗಳಿಗೆ ಮತ್ತೆ ಮೊಳೆ ಕೆತ್ತಿಸುವುದು ಆಗದ ಮಾತಾಗಿತ್ತು. ಫೋಟೊ ಅಚ್ಚಿನ ಯಂತ್ರವನ್ನು ರೂಪಿಸಿದವರಲ್ಲಿ ಒಬ್ಬರಾದ ಇಶೀ ಮೊಕಿಚಿ, ಆಗಲೇ ಅರವತ್ತು ದಾಟಿದವರು, ಆ ಅಕ್ಷರಗಳನ್ನೆಲ್ಲ ಬರೆಯಲು ಒಪ್ಪಿಕೊಂಡು ಸುಮಾರು ಎಂಟು ವರ್ಷ ಕೂತರು. 1955ರಿಂದ 1960ರ ನಡುವೆ ಸೂಚಿಯೂ ಸೇರಿ ಹದಿಮೂರು ಸಂಪುಟಗಳು ಹೊರಬಂದವು. ಜೋಡುಪದಗಳೇ ಐದು ಲಕ್ಷಕ್ಕೂ ಮಿಕ್ಕಿವೆ. ಮೊರೊಹಾಶಿ 1982ರವರೆಗೆ, 99 ವರ್ಷ, ಬದುಕಿದರು. ಪೂರಕ ಸಂಪುಟ 2000ದಲ್ಲಿ ಬಂತು, ಡಿಜಿಟಲ್ ರೂಪ 2018ರಲ್ಲಿ. ಚೀನೀ ಪ್ರಾಚೀನ ಗ್ರಂಥಗಳನ್ನೋ ಬೌದ್ಧ ತ್ರಿಪಿಟಕದ ಪಾಠವನ್ನೋ ಓದುವವರಿಗೆ ಇದಿಲ್ಲದೆ ನಡೆಯದು. ಉಳಿದವರು ಗ್ರಂಥಾಲಯದಲ್ಲಿ ಕಂಡರೆ ಒಂದು ಸಂಪುಟ ತೆಗೆದು ತೂಕ ನೋಡಿ ಇಟ್ಟುಬರಬಹುದು.

ಅಕ್ಷರದ ಹುಟ್ಟಿನ ಕತೆ ಬೇಕೆನ್ನುವವರನ್ನು ಕ್ಯೋತೋದ ರಿತ್ಸುಮೇಕಾನ್ ವಿಶ್ವವಿದ್ಯಾಲಯದ ಶಿರಾಕಾವಾ ಶಿಜುಕಾ ಕರೆಯುತ್ತಾರೆ. ಎಲುಬು, ಆಮೆಚಿಪ್ಪುಗಳ ಮೇಲೆ ಕೊರೆದ ಪುರಾತನ ಅಕ್ಷರಗಳನ್ನು ಕೈಯಿಂದ ನಕಲು ಮಾಡುತ್ತ ಬದುಕು ಕಳೆದವರು. ‘ಜಿತೋ’ (1984), ‘ಜಿಕುನ್’ (1987), ‘ಜಿತ್ಸೂ’ (1996) ಎಂಬ ಮೂರು ನಿಘಂಟುಗಳಲ್ಲಿ ಕೊನೆಯದು ಬಂದಾಗ ಅವರಿಗೆ 86. ಬಾಯಿ ಎಂದು ಎಲ್ಲರೂ ಓದುವ ಚೌಕ ಎಷ್ಟೋ ಅಕ್ಷರಗಳಲ್ಲಿ ಬಾಯಿಯಲ್ಲ, ದೇವರಿಗೆ ಬರೆದ ಹರಕೆಯನ್ನು ಹಾಕಿಡುವ ಪಾತ್ರೆ ಎಂಬುದು ಅವರ ವಾದದ ತಿರುಳು. ತಲೆ ಮತ್ತು ನಡಿಗೆ ಸೇರಿ ಆದ ‘ದಾರಿ’ ಎಂಬ ಅಕ್ಷರದಲ್ಲಿ, ಶತ್ರುವಿನ ಕತ್ತರಿಸಿದ ತಲೆ ಹಿಡಿದು ಹಾದಿಯ ಕೆಡುಕು ಕಳೆಯುತ್ತ ನಡೆಯುವವರನ್ನು ಅವರು ಕಂಡರು. ಟೋಕಿಯೋ ವಿಶ್ವವಿದ್ಯಾಲಯದ ತೋದೋ ಅಕಿಯಾಸು ಇದಕ್ಕೆ ತಲೆಬಾಗಲಿಲ್ಲ. ಪುರಾತನ ಉಚ್ಚಾರ ಒಂದೇ ಬಗೆಯದಾದರೆ ಆ ಅಕ್ಷರಗಳೆಲ್ಲ ಮೂಲದಲ್ಲಿ ಒಂದು ಬಳಗ, ಆಕಾರಕ್ಕಿಂತ ಉಲಿ ಮುಖ್ಯ ಎಂಬುದು ಅವರ ಪಂಥ. 1970ರಲ್ಲಿ ಶಿರಾಕಾವಾ ಅವರ ಪುಸ್ತಕವನ್ನು ತೋದೋ ಖಾರವಾಗಿ ವಿಮರ್ಶಿಸಿದರು, ಶಿರಾಕಾವಾ ಅಷ್ಟೇ ಖಾರವಾಗಿ ತಿರುಗಿ ಬರೆದರು. ತೋದೋ ದಾರಿಯ ನಿಘಂಟು ‘ಕಾಂಜಿಗೆನ್’ ಇಂದಿಗೂ ಅಂಗಡಿಯಲ್ಲಿದೆ. ಶಿರಾಕಾವಾ ಅವರನ್ನು ಓದುವುದು ಸುಖ, ಆದರೆ ಒಂದು ಪದಕ್ಕೆ ಈಗ ಏನರ್ಥ ಎಂದು ತಿಳಿಯಲು ಅವರ ಪುಸ್ತಕ ತೆಗೆಯುವುದು ಅನುಚಿತ. ಇಂಗ್ಲಿಷಿನಲ್ಲೇ ಈ ಜಗಳದ ಎರಡೂ ಬದಿ ಬೇಕಿದ್ದರೆ ಸೀಲಿ, ಹೆನ್ಶಲ್ ಮತ್ತು ಫಾನ್ ಸೇರಿ 2016ರಲ್ಲಿ ತಂದ ಕೈಪಿಡಿ ಸಾಕು. ಒಬ್ಬೊಬ್ಬ ಪಂಡಿತರು ಏನೆಂದರು ಎಂದು ಅದು ಹೆಸರು ಹೇಳಿ ಕೊಡುತ್ತದೆ.

ಅರ್ಥವೇ ಇಲ್ಲದ ಅಕ್ಷರಗಳೂ ನಿಘಂಟು ಸೇರಿವೆ. 1978ರಲ್ಲಿ ಕಂಪ್ಯೂಟರಿಗಾಗಿ ಜಪಾನ್ ಮಾಡಿದ ಆರು ಸಾವಿರ ಚಿಲ್ಲರೆ ಅಕ್ಷರಗಳ ಪಟ್ಟಿಯಲ್ಲಿ, ಯಾವ ಗ್ರಂಥದಲ್ಲೂ ಆಧಾರ ಸಿಗದ ಹತ್ತು ಹನ್ನೆರಡು ಅಕ್ಷರಗಳು ನುಸುಳಿದ್ದವು. ಅವಕ್ಕೆ ‘ದೆವ್ವದ ಅಕ್ಷರ’ ಎಂದು ಅಡ್ಡಹೆಸರು ಬಿತ್ತು. 1997ರ ಪರಿಷ್ಕರಣೆಗಾಗಿ ತನಿಖೆ ಮಾಡಿದಾಗ ಒಂದರ ಗುಟ್ಟು ರಟ್ಟಾಯಿತು. ಶಿಗಾ ಸೀಮೆಯ ಒಂದು ಹಳ್ಳಿಯ ಹೆಸರಿಗೆ ಮೇಲೆ ಬೆಟ್ಟ, ಕೆಳಗೆ ಹೆಣ್ಣು ಇರುವ ಅಕ್ಷರ ಬೇಕಿತ್ತು. ಯಾರೋ ಎರಡು ತುಂಡು ಕಾಗದ ಕತ್ತರಿಸಿ ಅಂಟಿಸಿದರು. ನಕಲು ತೆಗೆದಾಗ ಅಂಟಿನ ಅಂಚು ಗೆರೆಯಾಗಿ ಮೂಡಿತು, ಆ ಗೆರೆ ಅಕ್ಷರದ ಗೀಟಾಯಿತು. ಎಡಕ್ಕೆ ಬಿಲ್ಲಿನ ಬುಶು ಇರುವ ಇನ್ನೊಂದಕ್ಕೆ ಮೂಲವೇ ಸಿಗಲಿಲ್ಲ. ಯೂನಿಕೋಡ್ ಸೇರಿದ ಮೇಲೆ ಅವನ್ನು ತೆಗೆಯುವಂತಿಲ್ಲ. ಜಗತ್ತಿನ ಪ್ರತಿ ಫೋನಿನಲ್ಲೂ ಇವೆ. ಇಂಥ ಅಕ್ಷರದ ಎದುರು ನಿಘಂಟು ಏನು ಬರೆದಿದೆ ಎಂಬುದು ಅದರ ಪ್ರಾಮಾಣಿಕತೆಗೆ ಒಳ್ಳೆಯ ಪರೀಕ್ಷೆ. ಉಚ್ಚಾರ, ಅರ್ಥ ಎರಡನ್ನೂ ಧೈರ್ಯವಾಗಿ ಕೊಟ್ಟಿದ್ದರೆ ಅಂಥ ನಿಘಂಟನ್ನು ಉಳಿದ ವಿಷಯದಲ್ಲೂ ಸ್ವಲ್ಪ ಅನುಮಾನಿಸಬೇಕು.

ಕೊಳ್ಳುವವರಿಗೆ ಎರಡು ಮಾತು. ವ್ಯಕ್ತಿಗಳ ಹೆಸರುಗಳನ್ನು ಯಾವ ಕಾಂಜಿ ನಿಘಂಟಿನಿಂದಲೂ ಓದಲು ಹೋಗಬೇಡಿ, ಅವಕ್ಕೆ ಪಿ.ಜಿ. ಓನೀಲ್ 1972ರಲ್ಲಿ ಮಾಡಿದಂಥ ಪ್ರತ್ಯೇಕ ಕೋಶಗಳಿವೆ. ಎದುರಿಗಿರುವವರನ್ನೇ ಕೇಳಿದರೂ ಜಪಾನಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನು, ಹಳೆಯ ಪುಸ್ತಕದಂಗಡಿಯಲ್ಲಿ ನೆಲ್ಸನ್ನೋ ಹಳೆಯ ಹಾಲ್ಪರ್ನೋ ಅಗ್ಗಕ್ಕೆ ಸಿಕ್ಕರೆ ಮೊದಲು ಅಚ್ಚಾದ ವರ್ಷ ನೋಡಿ. ನಿತ್ಯಬಳಕೆಯ ಪಟ್ಟಿಗೆ 2010ರಲ್ಲಿ 196 ಅಕ್ಷರಗಳು ಸೇರಿದವು, ಐದು ಹೊರಬಿದ್ದವು. ಓಸಾಕಾ ಎಂಬ ಹೆಸರಿನ ಎರಡನೆಯ ಅಕ್ಷರ, ಕುಮಾಮೊತೊದ ಕರಡಿ, ಕಾಗೊಶಿಮಾದ ಜಿಂಕೆ ಎಲ್ಲವೂ ಅಧಿಕೃತವಾದದ್ದು ಆಗಲೇ. ಹಳೆಯ ಪ್ರತಿಯಲ್ಲಿ ಆ ಅಕ್ಷರಗಳು ಇದ್ದರೂ ನಿತ್ಯಬಳಕೆಯ ಗುರುತು ಇರುವುದಿಲ್ಲ. ಬೆಲೆ ಚೌಕಾಸಿ ಮಾಡಲು ಇದೊಂದು ಕಾರಣ ಸಾಲುತ್ತದೆ.